ಬಾಸ್ಕ್ ಕೊಡಲಿ: ಬೆಣೆ ಇಲ್ಲದೆ ಕಾವು ಹೆಂಗೆ ನಿಲ್ಲುತ್ತೆ?

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೋ ಹಾಕಿದ್ರು. ಬಿಳಿ ಪ್ಯಾಂಟು, ಬಿಳಿ ಅಂಗಿ, ನಡುವಿಗೆ ಬಿಗಿಯಾಗಿ ಸುತ್ತಿದ ಪಟ್ಟಿ, ಒಬ್ಬ ಮನುಷ್ಯ ನೆಲದ ಮೇಲೆ ಮಲಗಿಸಿದ ದಿಮ್ಮಿ ಮೇಲೆ ಹತ್ತಿ ನಿಂತು ತನ್ನ ಎರಡೂ ಕಾಲ ಮಧ್ಯೆನೇ ಕೊಡಲಿ ಬೀಸ್ತಾ ಇದಾನೆ, ಅಂಗೈಯಗಲ ಚಕ್ಕೆಗಳು ಹಾರ್ತಾ ಇವೆ. ಎಲ್ಲರೂ ಅಯ್ಯೋ ಕಾಲು ಕಾಲು ಅಂತ ಬರೆದ್ರೆ, ಜೀವನವೆಲ್ಲಾ ತೋಟದಲ್ಲೇ ಕಳೆದ ನಮ್ಮ ದೊಡ್ಡಪ್ಪ ಮಾತ್ರ ಬೇರೆ ಪ್ರಶ್ನೆ ಹಾಕಿದ್ರು. "ಅದ್ರ ಕಾವಿಗೆ ಬೆಣೆನೇ ಹೊಡೆದಂಗೆ ಕಾಣಲ್ವಲ್ಲೋ, ತಲೆ ಹಾರಿ ಹೋಗಲ್ವಾ? ನೀನು ಆ ಕಡೆನೇ ಇದೀಯಲ್ಲ, ನೋಡಿ ಹೇಳು."

ನಾನು ಕೆಲಸಕ್ಕೆ ಅಂತ ಬಿಲ್ಬಾವೊ ಊರಲ್ಲಿ ಇದೀನಿ, ಸ್ಪೇನ್ ದೇಶದ ಉತ್ತರ ತುದಿ. ಜೊತೆಲಿ ಕೆಲಸ ಮಾಡೋ ಹುಡುಗನ ಅಜ್ಜನ ಮನೆ ಗಿಪುಸ್ಕೊವಾ ಗುಡ್ಡದ ಮೇಲಿದೆ. ಒಂದು ಶನಿವಾರ ಅಲ್ಲಿಗೆ ಹೋಗಿ ಕೊಡ್ಲಿ ಕೈಯಲ್ಲಿ ಹಿಡಿದು, ಬಿಚ್ಚಿ, ಮತ್ತೆ ಜೋಡಿಸಿ, ಒಂದು ಹಸಿ ದಿಮ್ಮಿ ಮೇಲೆ ಬೀಸಿ ನೋಡ್ಕೊಂಡು ಬಂದೆ. ದೊಡ್ಡಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ. ಆ ಕಾವು ಮತ್ತೆ ತಲೆ ಸೇರೋ ಜಾಗ ಒಂದು ಅರ್ಥ ಆದ್ರೆ ಈ ಕೊಡ್ಲಿ ಯಾಕೆ ಹಂಗಿದೆ, ಅದನ್ನ ಯಾಕೆ ಹಂಗೆ ಹಿಡೀತಾರೆ ಅನ್ನೋದೆಲ್ಲ ಅರ್ಥ ಆಗುತ್ತೆ.

ಬಾಸ್ಕ್ ಅಂದ್ರೆ ಯಾರು, ಎಲ್ಲಿಯವರು

ಸ್ಪೇನ್ ಮತ್ತೆ ಫ್ರಾನ್ಸ್ ಗಡಿಯಲ್ಲಿ ಪಿರನೀಸ್ ಬೆಟ್ಟಗಳು ಅಟ್ಲಾಂಟಿಕ್ ಸಮುದ್ರದ ಹತ್ರ ಬಂದು ಮುಗಿಯೋ ಜಾಗ ಇದೆಯಲ್ಲ, ಅಲ್ಲಿನ ಜನ ಬಾಸ್ಕರು. ಅವರ ಭಾಷೆ ಹೆಸರು ಎವುಸ್ಕಾರಾ. ಈ ಭಾಷೆಗೆ ಸ್ಪ್ಯಾನಿಷ್ ಜೊತೆಗಾಗಲಿ ಫ್ರೆಂಚ್ ಜೊತೆಗಾಗಲಿ ನೆಂಟಸ್ತಿಕೆ ಇಲ್ಲ, ಪ್ರಪಂಚದಲ್ಲಿ ಇವತ್ತು ಮಾತಾಡೋ ಯಾವ ಭಾಷೆ ಜೊತೆಗೂ ಸಂಬಂಧ ಇದೆ ಅಂತ ಯಾರಿಗೂ ತೋರಿಸೋಕೆ ಆಗಿಲ್ಲ. ಗಿಪುಸ್ಕೊವಾ, ಬಿಸ್ಕಾಯಾ, ಅರಾಬಾ, ನವಾರ್ರಾ ಇವು ಸ್ಪೇನ್ ಕಡೆಗಿರೋ ಭಾಗಗಳು, ಇನ್ನು ಮೂರು ಫ್ರಾನ್ಸ್ ಕಡೆ. ಸಮುದ್ರದ ಕಡೆ ಇರೋ ಬೆಟ್ಟಗಳಲ್ಲಿ ಮಳೆ ಜಾಸ್ತಿ, ನಮ್ಮ ಮಲೆನಾಡಲ್ಲಿ ಜಿಟಿಜಿಟಿ ಹಿಡಿಯುತ್ತಲ್ಲ ಆ ಥರದ ಮಳೆಗೆ ಇಲ್ಲಿ ಸಿರಿಮಿರಿ ಅಂತಾರೆ (ಆ ಪದ ನಂಗೆ ಬಹಳ ಇಷ್ಟ). ಬೀಚ್, ಓಕ್ ಮರಗಳ ದಟ್ಟ ಕಾಡು, ಕಡಿದಾದ ಇಳಿಜಾರು.

ಕೊಡ್ಲಿಗೆ ಅವರು ಐಸ್ಕೋರಾ ಅಂತಾರೆ, ಕೊಡ್ಲಿ ಬೀಸೋ ಆಟಗಾರ ಐಸ್ಕೊಲಾರಿ. ಈ ಹೆಸರಿನ ಬಗ್ಗೆ ಒಂದು ಕಥೆ ಎಲ್ಲ ಕಡೆ ಸಿಗುತ್ತೆ, ಎವುಸ್ಕಾರಾದಲ್ಲಿ ಹೈತ್ಸ್ ಅಂದ್ರೆ ಬಂಡೆ, ಆದ್ದರಿಂದ ಐಸ್ಕೋರಾ ಅನ್ನೋ ಪದ ಕಲ್ಲಿನ ಕೊಡಲಿ ಕಾಲದಿಂದಲೇ ಉಳಿದು ಬಂದಿದೆ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಭಾಷೆ ಓದಿದವರಲ್ಲಿ ಹೆಚ್ಚಿನವರು ಇದನ್ನ ಒಪ್ಪಲ್ಲ, ಲ್ಯಾಟಿನ್‌ನ ಅಸ್ಕಿಯೋಲಾ, ಅಂದ್ರೆ ಚಿಕ್ಕ ಕೊಡಲಿ, ಆ ಪದದಿಂದ ಬಂದಿದ್ದು ಅಂತಾರೆ. ಕಾವಿಗೆ ಇಲ್ಲಿ ಕಿರ್ತೆನ್ ಅನ್ನೋ ಪದ ಇದೆ, ಪೆದ್ದನಿಗೂ ಅದೇ ಪದ. ನಮ್ಮಲ್ಲಿ ಕಾವು ಅಂದ ತಕ್ಷಣ "ಕೊಡಲಿ ಕಾವು ಕುಲಕ್ಕೆ ಸಾವು" ನೆನಪಾಗುತ್ತೆ, ಇವರಲ್ಲಿ ಕಾವು ಬೈಗುಳ ಆಗಿದೆ.

ಮೊದಲು ನಮ್ಮ ಕೊಡ್ಲಿ ನೋಡೋಣ

ಬೆಣೆ ಹೊಡೆಯೋ ಕೊಡ್ಲಿ ಹೆಂಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗದೆ ಬೆಣೆ ಇಲ್ಲದ್ದು ಅರ್ಥ ಆಗಲ್ಲ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಕೊಡ್ಲಿಗೆ ಕಾವನ್ನ ಕೆಳಗಿಂದ ತೂತಿಗೆ ತೂರಿಸ್ತೀವಿ. ಆಮೇಲೆ ಮೇಲೆ ಕಾಣೋ ಕಾವಿನ ತುದಿಗೆ ಮರದ್ದೋ ಕಬ್ಬಿಣದ್ದೋ ಒಂದು ಬೆಣೆ ಹೊಡಿತೀವಿ. ಬೆಣೆ ಒಳಗೆ ಹೋದಾಗ ಕಾವಿನ ತುದಿ ಅಗಲ ಆಗಿ ತೂತಿನ ಗೋಡೆಗೆ ಒತ್ಕೊಳ್ಳುತ್ತೆ. ಅಂದ್ರೆ ತಲೆನ ಹಿಡ್ಕೊಂಡಿರೋದು ಆ ಬೆಣೆ ಕೊಟ್ಟ ಒತ್ತಡ ಮಾತ್ರ.

ಈಗ ಕೊಡ್ಲಿ ಬೀಸಿದಾಗ ಏನಾಗುತ್ತೆ ನೋಡಿ. ಚಿಕ್ಕ ಹುಡುಗರಾಗಿದ್ದಾಗ ನೀರು ತುಂಬಿದ ಬಕೆಟ್ಟನ್ನ ಗಿರಗಿರ ತಿರುಗಿಸಿದ್ರೆ ಅದು ಕೈ ಬಿಟ್ಟು ಹೊರಗೆ ಹೋಗೋಕೆ ಎಳಿತಿತ್ತಲ್ಲ, ಅದೇ ಎಳೆತ ಕೊಡ್ಲಿ ತಲೆಗೂ ಇರುತ್ತೆ. ಒಂದು ಅಂದಾಜು ಲೆಕ್ಕ ಹಾಕೋಣ, ತಲೆ 2 ಕೆಜಿ, ಭುಜದಿಂದ ತಲೆ ತನಕ ದೂರ 1.2 ಮೀಟರ್, ಮರಕ್ಕೆ ಬೀಳೋ ಮುಂಚೆ ವೇಗ ಸೆಕೆಂಡಿಗೆ 15 ಮೀಟರ್ ಅಂದ್ಕೊಂಡ್ರೆ ಎಳೆತ ಸುಮಾರು 375 ನ್ಯೂಟನ್ ಬರುತ್ತೆ, ಅಂದ್ರೆ ಕಾವಿನ ತುದಿಗೆ 38 ಕೆಜಿ ಭಾರ ನೇತು ಹಾಕಿ ಎಳೆದಂಗೆ. ಪ್ರತಿ ಏಟಿಗೂ ಅಷ್ಟು. ಎಳೆಯೋದು ಹೊರಗಡೆಗೆ, ಅಂದ್ರೆ ಕಾವಿನ ತುದಿ ಕಡೆಗೆ. ಬೆಣೆ ಸಡಿಲ ಆದ ದಿವಸ ತಲೆ ಹೋಗೋದೂ ಅದೇ ದಿಕ್ಕಿಗೆ, ಎದುರಿಗೆ ಯಾರಿದ್ರೆ ಅವರ ಮೇಲೆ. ದೊಡ್ಡಪ್ಪನ ಭಯ ಅದೇ.

ಬಾಸ್ಕ್ ಕೊಡ್ಲಿಲಿ ಉಲ್ಟಾ ಏನಿದೆ

ಪಿಕಾಸಿ ನೋಡಿದೀರಲ್ಲ, ಅದೇ ಉತ್ತರ. ಪಿಕಾಸಿಗೆ ಯಾರೂ ಬೆಣೆ ಹೊಡಿಯಲ್ಲ. ಕಾವಿನ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿನ ಮೇಲಿಂದ ತೂತಿಗೆ ಬಿಟ್ಟು ಕೆಳಗೆ ಎಳ್ಕೊಳ್ತಾ ಬಂದ್ರೆ ಕೊನೆಗೆ ದಪ್ಪ ತುದಿ ತೂತಲ್ಲಿ ಬಿಗಿಯಾಗಿ ಕೂರುತ್ತೆ. ಬಾಸ್ಕ್ ಕೊಡ್ಲಿ ತಲೆಯ ತೂತೂ ಹಂಗೆ, ಮೇಲ್ಗಡೆ ಅಗಲ, ಕೆಳಗಡೆ ಕಿರಿದು, ಆಲಿಕೆ ಥರ. ಕಾವೂ ಹಂಗೇ ಕೆತ್ತಿರ್ತಾರೆ.

ಸ್ಟೀಲ್ ಲೋಟ ಒಂದರೊಳಗೆ ಒಂದು ಜೋಡಿಸಿಟ್ಟಾಗ ಕೆಲವೊಂದು ಸಲ ಎಷ್ಟು ಎಳೆದ್ರೂ ಬರಲ್ಲ ಅಲ್ವಾ, ಅಂಟು ಹಾಕಿಲ್ಲ ಮೊಳೆ ಹೊಡೆದಿಲ್ಲ, ಆದ್ರೂ ಬರಲ್ಲ. ಓರೆಯಾದ ಎರಡು ಗೋಡೆ ಒಂದಕ್ಕೊಂದು ಒತ್ತಿಕೊಂಡ್ರೆ ತಿಕ್ಕಾಟವೇ ಹಿಡ್ಕೊಳ್ಳುತ್ತೆ, ಒತ್ತಿದಷ್ಟೂ ಇನ್ನೂ ಬಿಗಿ. ಈಗ ಆ 38 ಕೆಜಿ ಎಳೆತ ನೆನಪು ಮಾಡ್ಕೊಳ್ಳಿ. ತಲೆ ಹೊರಗಡೆ ಹೋಗೋಕೆ ನೋಡುತ್ತೆ, ಆದ್ರೆ ಹೊರಗಡೆ ಇರೋದು ಕಾವಿನ ದಪ್ಪ ತುದಿ. ಹಂಗಾಗಿ ಬೀಸಿದ ಪ್ರತಿ ಸಲ ತಲೆ ತನ್ನನ್ನ ತಾನೇ ಇನ್ನಷ್ಟು ಬಿಗಿ ಮಾಡ್ಕೊಳ್ಳುತ್ತೆ. ಸಾಮಾನ್ಯ ಕೊಡ್ಲಿನ ಯಾವ ಎಳೆತ ಸಡಿಲ ಮಾಡುತ್ತೋ ಅದೇ ಎಳೆತ ಇದನ್ನ ಗಟ್ಟಿ ಮಾಡುತ್ತೆ.

ಹಾಗಾದ್ರೆ ಇದು ಯಾವತ್ತೂ ಸಡಿಲ ಆಗೋದೇ ಇಲ್ವಾ? ಆಗುತ್ತೆ, ಆದ್ರೆ ಬೇರೆ ಥರ. ಮರ ಒಣಗಿದ್ರೆ ಸಣ್ಣ ಆಗುತ್ತೆ, ಮನೆಯೊಳಗೆ ಒಲೆ ಹತ್ರ ಇಟ್ಟ ಕಾವು ಬೇಗ ಕುಗ್ಗುತ್ತೆ. ಆಗ ತಲೆ ಕೆಳಗೆ ಜಾರಿ ಕೈ ಕಡೆ ಬರುತ್ತೆ, ಮುಂದಕ್ಕೆ ಹಾರಲ್ಲ. ನಂಗೆ ಇದು ಅವತ್ತೇ ಆಯ್ತು, ನಾನು ಜೋಡಿಸಿದಾಗ ಕಾವು ಪೂರ್ತಿ ಕೂತಿರಲಿಲ್ಲ, ಕೊಡ್ಲಿ ಎತ್ತಿ ಹೆಗಲ ಮೇಲೆ ತಂದ ತಕ್ಷಣ ತಲೆ ಸರ್ರಂತ ಜಾರಿ ನನ್ನ ಬಲಗೈ ಹೆಬ್ಬೆರಳಿಗೆ ಬಂದು ತಾಗಿತು, ಗಾಯ ಆಗಲಿಲ್ಲ ಆದ್ರೆ ಎದೆ ಝಲ್ಲಂತು. ಅಜ್ಜ ಏನೂ ಮಾತಾಡದೆ ಕೊಡ್ಲಿ ಇಸ್ಕೊಂಡು, ತಲೆ ಕೆಳಗೆ ಮಾಡಿ ಹಿಡಿದು, ತೂತಿಂದ ಸ್ವಲ್ಪ ಆಚೆ ಕಾಣೋ ಕಾವಿನ ದಪ್ಪ ತುದಿನ ಒಂದು ಮರದ ತುಂಡಿನ ಮೇಲೆ ಮೂರು ಸಲ ಕುಕ್ಕಿ ವಾಪಸ್ ಕೊಟ್ರು. ಬಿಗಿಯಾಗಿತ್ತು. ಕುಕ್ಕಿದಾಗ ಕಾವು ನಿಲ್ಲುತ್ತೆ, ಭಾರ ಇರೋ ತಲೆ ಇನ್ನೂ ಕೆಳಗೆ ಅಂದ್ರೆ ದಪ್ಪ ತುದಿ ಕಡೆ ಹೋಗಿ ಕೂರುತ್ತೆ. ಬಿಚ್ಚಬೇಕು ಅಂದ್ರೆ ಇದರ ಉಲ್ಟಾ, ತಲೆ ಮೇಲೆ ಮಾಡಿ ಹಿಡಿಕೆ ತುದಿನ ನೆಲಕ್ಕೆ ಕುಕ್ಕೋದು. ನಮ್ಮ ರೋಡ್ ಕೆಲಸದವರು ಪಿಕಾಸಿಗೆ ಮಾಡೋದೂ ಇದನ್ನೇ.

ಇದರಿಂದ ಇನ್ನೂ ಎರಡು ವಿಷಯ ತಾನಾಗೇ ಬರುತ್ತೆ. ಒಂದು, ಕಾವು ಪೂರ್ತಿ ತೂತಿನ ಮೂಲಕ ಹಾಯ್ದು ಹೋಗಬೇಕು, ಆದ್ದರಿಂದ ಹಿಡಿಕೆ ಕೊನೆಯಲ್ಲಿ ಅಮೆರಿಕದ ಕೊಡ್ಲಿಗಳಿಗೆ ಇರೋ ಥರ ದಪ್ಪ ಗುಬಟು ಇಡೋ ಹಾಗಿಲ್ಲ, ಕಾವು ಬಹುತೇಕ ನೇರವಾಗಿ ಸಪೂರ ಇರುತ್ತೆ. ಇನ್ನೊಂದು, ಬಿಚ್ಚೋದು ಸುಲಭ. ಬ್ಯಾಗಿಗೆ ಬರೀ ತಲೆ ಹಾಕ್ಕೊಂಡು ಕಾಡಿಗೆ ಹೋಗಬಹುದು, ಕಾವು ಮುರಿದ್ರೆ ಒಳಗೆ ಸಿಕ್ಕಿಕೊಂಡ ತುಂಡನ್ನ ಕೊರೆದು ತೆಗೆಯೋ ಗೋಳಿಲ್ಲ, ಇನ್ನೊಂದು ಕಾವು ತೂರಿಸಿದ್ರೆ ಆಯ್ತು. ಸಾಣೆ ಹಿಡಿಯೋಕೆ ತಲೆ ಮಾತ್ರ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಕೂರಬಹುದು.

ಕಬ್ಬಿಣ, ಇದ್ದಿಲು, ಹಡಗು

ಈ ಜಾಗದಲ್ಲೇ ಇಷ್ಟು ಒಳ್ಳೆ ಕೊಡ್ಲಿ ಯಾಕೆ ಬಂತು ಅನ್ನೋದಕ್ಕೆ ಕಾರಣ ನೆಲದಲ್ಲೇ ಇದೆ. ಬಿಸ್ಕಾಯಾದ ಸೊಮೊರ್ರೊಸ್ತ್ರೊ ಸುತ್ತಮುತ್ತ ಒಳ್ಳೆ ಕಬ್ಬಿಣದ ಅದಿರು, ಬೆಟ್ಟದಿಂದ ರಭಸವಾಗಿ ಇಳಿಯೋ ಹಳ್ಳಗಳು, ಇದ್ದಿಲಿಗೆ ಬೇಕಾದಷ್ಟು ಕಾಡು. ಅದಿರು ಕರಗಿಸೋಕೆ ಇದ್ದಿಲು ಬೇಕು, ತಿದಿ ಊದೋಕೆ ಮತ್ತೆ ದೊಡ್ಡ ಸುತ್ತಿಗೆ ಎತ್ತಿ ಬೀಳಿಸೋಕೆ ನೀರಿನ ಚಕ್ರ ಬೇಕು. ಮೂರೂ ಒಂದೇ ಕಡೆ. ಲೆಗಾಸ್ಪಿ ಊರಲ್ಲಿ ಮಿರಾಂಡಾವೊಲಾ ಅನ್ನೋ ಹಳೆ ಕಬ್ಬಿಣದ ಕುಲುಮೆನ ರಿಪೇರಿ ಮಾಡಿ ಇಟ್ಟಿದಾರೆ, ನೀರು ಬಿಟ್ಟಾಗ ಚಕ್ರ ತಿರುಗಿ ಸುತ್ತಿಗೆ ಧಡ್ ಧಡ್ ಅಂತ ಬೀಳೋದನ್ನ ಜನಕ್ಕೆ ತೋರಿಸ್ತಾರೆ. ಅದೇ ಲೆಗಾಸ್ಪಿಯಲ್ಲಿ 1908ರಲ್ಲಿ ಪತ್ರಿಸಿಯೊ ಎಚೆವೆರ್ರಿಯಾ ಅನ್ನೋರು ಶುರು ಮಾಡಿದ ಕಾರ್ಖಾನೆನೇ ಇವತ್ತಿನ ಬೆಯೋತಾ ಕಂಪನಿ, ಅವರ ತೋಟದ ಉಪಕರಣಗಳು ಸ್ಪೇನ್ ತುಂಬ ಸಿಗುತ್ತವೆ. ಕೈಯಲ್ಲಿ ಬಡಿದು ಮಾಡೋ ಕೊಡ್ಲಿಗೆ ಉರ್ನಿಯೆತಾ ಊರಿನ ಹೌರೆಗಿ ಮನೆತನದ ಕುಲುಮೆ ಹೆಸರುವಾಸಿ.

ಇದ್ದಿಲು ಸುಡೋನಿಗೆ ಇಕಾಸ್ಕಿನ್ ಅಂತಾರೆ. ಕಾಡಲ್ಲೇ ತಿಂಗಳುಗಟ್ಟಲೆ ಇದ್ದು ಕೊಂಬೆ ಕಡಿದು ಗುಡ್ಡೆ ಹಾಕಿ ಮಣ್ಣು ಮುಚ್ಚಿ ಸುಡೋ ಕೆಲಸ. ಇಲ್ಲಿ ಮರಾನ ಬುಡಕ್ಕೆ ಕಡಿತಾ ಇರಲಿಲ್ಲ, ಆಳೆತ್ತರದಲ್ಲಿ ತಲೆ ಕಡಿದು ಬಿಟ್ರೆ ಮತ್ತೆ ಕೊಂಬೆ ಒಡೆಯುತ್ತೆ, ವರ್ಷಗಳ ಮೇಲೆ ಮತ್ತೆ ಕಡಿಯೋದು. ಆ ಥರ ಬೋಳಿಸಿದ ಹಳೆ ಬೀಚ್ ಮರಗಳು ಈಗಲೂ ಕಾಡಲ್ಲಿ ದೊಡ್ಡ ಕೈ ಎತ್ತಿ ನಿಂತಂಗೆ ಕಾಣುತ್ತವೆ.

ಇನ್ನೊಂದು ಗಿರಾಕಿ ಹಡಗು. 16ನೇ ಶತಮಾನದಲ್ಲಿ ಬಾಸ್ಕರು ತಿಮಿಂಗಿಲ ಹಿಡಿಯೋಕೆ ಕೆನಡಾ ತೀರದ ತನಕ ಹೋಗ್ತಿದ್ರು. ಸಾನ್ ಹುವಾನ್ ಅನ್ನೋ ಹಡಗು 1565ರಲ್ಲಿ ಲ್ಯಾಬ್ರಡಾರ್ ತೀರದ ರೆಡ್ ಬೇ ಹತ್ರ ಮುಳುಗಿತು, 1978ರಲ್ಲಿ ಅದು ನೀರಿನಡಿ ಪತ್ತೆ ಆಯ್ತು. ಅದನ್ನ ಅಳೆದು ನೋಡಿ ಅದೇ ಥರದ ಹಡಗನ್ನ ಪಸಾಯಿಯಾ ಬಂದರಲ್ಲಿ ಅಲ್ಬವೋಲಾ ಅನ್ನೋ ಸಂಸ್ಥೆಯವರು ಓಕ್ ಮರದಲ್ಲಿ ಮತ್ತೆ ಕಟ್ಟಿದಾರೆ. ನಾನು ಹೋಗಿ ನೋಡಿದೀನಿ, ತೊಲೆಗಳ ಬಾಗು ಮರದ್ದೇ ಬಾಗು, ಹಡಗಿನ ಪಕ್ಕೆಲುಬಿಗೆ ಹೊಂದೋ ಕೊಂಬೆನ ಕಾಡಲ್ಲೇ ಹುಡುಕಿ ತರೋದು. ಅದನ್ನೆಲ್ಲ ನೋಡಿದ ಮೇಲೆ ಕೊಡ್ಲಿ ಅಂದ್ರೆ ಸೌದೆ ಸೀಳೋ ಸಾಮಾನು ಅನ್ನೋ ನನ್ನ ಲೆಕ್ಕಾಚಾರನೇ ಬದಲಾಯ್ತು.

ಬಾಯಿ ಮತ್ತೆ ಹದ

ಹಳೆ ಕಾಲದಲ್ಲಿ ಕೊಡ್ಲಿ ಮೈ ಮೆತ್ತಗಿರೋ ಕಬ್ಬಿಣ, ಬಾಯಿಗೆ ಮಾತ್ರ ಗಟ್ಟಿ ಉಕ್ಕಿನ ಪಟ್ಟಿ, ಎರಡನ್ನೂ ಕೆಂಪಗೆ ಕಾಯಿಸಿ ಬಡಿದು ಒಂದು ಮಾಡ್ತಿದ್ರು. ಉಕ್ಕು ದುಬಾರಿ ಅನ್ನೋದು ಒಂದು ಕಾರಣ, ಮೈ ಪೂರ್ತಿ ಗಟ್ಟಿ ಆದ್ರೆ ಏಟಿಗೆ ಒಡೆಯುತ್ತೆ ಅನ್ನೋದು ಇನ್ನೊಂದು. ಈಗ ಪೂರ್ತಿ ಉಕ್ಕಿನದೇ ಬರುತ್ತೆ, ಆದ್ರೂ ಹದ ಹಾಕೋದು ಬಾಯಿಗೆ ಮಾತ್ರ. ಕಾಯಿಸಿ ತಣ್ಣಗೆ ಅದ್ದಿದ್ರೆ ಉಕ್ಕು ಗಾಜಿನಂಗೆ ಗಟ್ಟಿ, ಗಾಜಿನಂಗೆ ಪೆಡಸು ಕೂಡ. ಆಮೇಲೆ ಸಣ್ಣ ಶಾಖದಲ್ಲಿ ಮತ್ತೆ ಕಾಯಿಸಿ ಆ ಪೆಡಸುತನ ಇಳಿಸ್ತಾರೆ, ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬಂದು ಕಂದಾಗಿ ನೀಲಿ ಆಗ್ತಾ ಹೋಗುತ್ತೆ, ಕಮ್ಮಾರ ಬಣ್ಣ ನೋಡೇ ನಿಲ್ಲಿಸೋದು. ಹದ ಜಾಸ್ತಿ ಗಟ್ಟಿ ಆದ್ರೆ ಗಂಟಿಗೆ ಬಡಿದಾಗ ಬಾಯಿ ಚೂರು ಹಾರುತ್ತೆ, ಮೆತ್ತಗಾದ್ರೆ ಮಡಚ್ಕೊಳ್ಳುತ್ತೆ.

ಬಾಯಿ ಅಗಲ, ಕೆನ್ನೆ ತೆಳು. ಕೆನ್ನೆ ಅಂದ್ರೆ ಬಾಯಿಂದ ತೂತಿನ ತನಕ ಇರೋ ಎರಡೂ ಪಕ್ಕ. ತೆಳು ಇದ್ರೆ ಆಳ ಇಳಿಯುತ್ತೆ, ಆದ್ರೆ ಪೂರ್ತಿ ಚಪ್ಪಟೆ ಇದ್ರೆ ಕುಂಬಳಕಾಯಿ ಹೆಚ್ಚುವಾಗ ಚಾಕು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಲ್ಲ ಹಂಗೆ ಮರ ಎರಡೂ ಕಡೆಯಿಂದ ಕಚ್ಕೊಂಡು ಬಿಡಲ್ಲ. ಅದಕ್ಕೆ ಕೆನ್ನೆ ಮಧ್ಯೆ ಕೈಗೆ ಮಾತ್ರ ಗೊತ್ತಾಗೋ ಅಷ್ಟು ಉಬ್ಬು ಬಿಟ್ಟಿರ್ತಾರೆ.

ದಿಮ್ಮಿ ಮೇಲೆ ಯಾಕೆ ನಿಲ್ಲೋದು

ಇಳಿಜಾರಲ್ಲಿ ಬಿದ್ದ ಮರಾನ ತುಂಡು ಮಾಡಬೇಕು ಅಂದ್ಕೊಳ್ಳಿ. ಪಕ್ಕದಲ್ಲಿ ನಿಲ್ಲೋಕೆ ಸಮ ನೆಲ ಇಲ್ಲ. ಮರದ ಮೇಲೆ ನಿಂತ್ರೆ ಕಾಲಿಗೆ ಆಧಾರ ಸಿಗುತ್ತೆ, ಕೊಡ್ಲಿ ಬೀಳೋದು ಕಾಲಿಗಿಂತ ಕೆಳಗೆ, ಮೈ ಭಾರ ಪೂರ್ತಿ ಏಟಿಗೆ ಸಿಗುತ್ತೆ. ದಿಮ್ಮಿ ಉದ್ದಕ್ಕೆ ಕಾಲು ಅಗಲಿಸಿ, ಒಂದು ಪಕ್ಕಕ್ಕೆ ಮುಖ ಮಾಡಿ ನಿಂತು ಆ ಪಕ್ಕದ ಅರ್ಧ ಕಡಿತಾರೆ, ಆಮೇಲೆ ತಿರುಗಿ ನಿಂತು ಇನ್ನೊಂದು ಅರ್ಧ. ಗುರಿ ತಪ್ಪಿದ್ರೆ ಕೊಡ್ಲಿ ದಿಮ್ಮಿ ದಾಟಿ ಮುಂದೆ ನೆಲಕ್ಕೆ ಹೋಗುತ್ತೆ. ನಿಜವಾದ ಅಪಾಯ ಏಟು ತೀರಾ ಓರೆಯಾಗಿ ಬಿದ್ದು ತೊಗಟೆ ಮೇಲೆ ಜಾರೋದು, ಜಾರಿದ್ರೆ ಅದು ಪಕ್ಕಕ್ಕೆ, ಪಾದದ ಕಡೆ ಬರುತ್ತೆ.

ಕಬ್ಬನ್ನ ಮಚ್ಚಿಂದ ನೇರ ಅಡ್ಡಕ್ಕೆ ಹೊಡಿಯಲ್ಲ, ಓರೆ ಹೊಡಿತೀವಿ. ಇಲ್ಲೂ ಅದೇ. ಎಡದಿಂದ ಒಂದು ಸಾಲು ಏಟು, ಬಲದಿಂದ ಒಂದು ಸಾಲು, ಎರಡೂ ಓರೆ ಕೆಳಗೆ ಸೇರಿದಾಗ ಮಧ್ಯದ ತುಂಡು ಸಡಿಲ ಆಗಿ ಹಾರುತ್ತೆ. ಆ ಚಕ್ಕೆಗೆ ಎಸ್ಪಾಲ್ ಅಂತ ಹೆಸರು. ನಾನು ಮಾಡಿದ ತಪ್ಪು ಅಂದ್ರೆ ಗುಂಡಿಯ ಬಾಯಿ ಚಿಕ್ಕದಾಗಿ ಶುರು ಮಾಡಿದ್ದು, ಕೆಳಗೆ ಹೋಗ್ತಾ ಹೋಗ್ತಾ ಜಾಗನೇ ಉಳಿಯಲಿಲ್ಲ, ಚಕ್ಕೆ ಹೊರಗೆ ಬರೋಕೆ ದಾರಿ ಇಲ್ಲದೆ ಕೊಡ್ಲಿ ಸಿಕ್ಕಿಹಾಕಿಕೊಳ್ತಾ ಹೋಯ್ತು. ಮೇಲೆ ಅಗಲ ತೆಗೆದ್ರೆ ಮಾತ್ರ ಕೆಳಗೆ ಹೋಗೋಕೆ ಆಗುತ್ತೆ, ಬಾವಿ ತೋಡೋರಿಗೆ ಇದು ಗೊತ್ತಿರುತ್ತೆ.

ಕೈ ವಿಷಯ. ಒಂದು ಕೈ ಹಿಡಿಕೆ ಕೊನೇಲಿ ಅಲ್ಲಾಡದೆ ಇರುತ್ತೆ. ಇನ್ನೊಂದು ಕೈ ಎತ್ತುವಾಗ ತಲೆ ಹತ್ರ ಹೋಗಿ ಭಾರ ಹೊರುತ್ತೆ, ಇಳಿಸುವಾಗ ಕಾವಿನ ಮೇಲೆ ಜಾರಿ ಕೆಳಗಿನ ಕೈ ಹತ್ರ ಬಂದು ಸೇರುತ್ತೆ. ಗುಬಟು ಇಲ್ಲದ ನೇರ ಕಾವು ಇಲ್ಲಿ ಉಪಯೋಗಕ್ಕೆ ಬರುತ್ತೆ, ಕೈ ಸರಾಗ ಜಾರುತ್ತೆ. ಹಿಡಿತ ಬಿಗಿ ಇಟ್ರೆ ಹತ್ತು ನಿಮಿಷಕ್ಕೆ ಬೊಬ್ಬೆ. ಅಜ್ಜ ಹೇಳಿದ್ದು ಇಷ್ಟೇ, ಕೊಡ್ಲಿ ತಾನೇ ಬೀಳುತ್ತೆ, ನೀನು ದಾರಿ ಮಾತ್ರ ತೋರಿಸಬೇಕು.

ಕೆಲಸ ಆಟ ಆಗಿದ್ದು

ನಾನು ಎರಡು ನಿಮಿಷದಲ್ಲಿ ಕಡಿತೀನಿ, ನಾನು ಒಂದೂವರೆಯಲ್ಲಿ, ಅಂತ ಕಾಡಿನ ಕೆಲಸಗಾರರ ಮಧ್ಯೆ ಮಾತು ಬಂದು ಬಾಜಿ ಆಗೋದು ಸಹಜ. ಬಾಜಿಗೆ ಇಲ್ಲಿ ಅಪುಸ್ತು ಅಂತಾರೆ. ಅದು ಊರಿನ ಚೌಕಕ್ಕೆ, ಗೂಳಿ ಕಾಳಗದ ಅಂಗಳಕ್ಕೆ ಬಂತು, ಕಲ್ಲು ಎತ್ತೋದು, ಹುಲ್ಲು ಕೊಯ್ಯೋದು ಇಂಥವೆಲ್ಲ ಸೇರಿ ಹೆರ್ರಿ ಕಿರೊಲಾಕ್, ಅಂದ್ರೆ ಊರ ಆಟಗಳು, ಅನ್ನೋ ಹೆಸರಲ್ಲಿ ಈಗ ಚಾಂಪಿಯನ್‌ಶಿಪ್ ನಡೆಯುತ್ತೆ. ದಿಮ್ಮಿ ಸಾಮಾನ್ಯವಾಗಿ ಬೀಚ್ ಮರದ್ದು. ನಮ್ಮ ಟಿಂಬರ್ ಡಿಪೋದಲ್ಲಿ ಸುತ್ತಳತೆ ಹಿಡಿದಂಗೆ ಇಲ್ಲೂ ಸುತ್ತಳತೆನೇ ಲೆಕ್ಕ, ಅದೂ ಹಳೇ ಇಂಚಲ್ಲಿ, ಅದಕ್ಕೆ ಒಂತ್ಸಾ ಅಂತ ಹೆಸರು. ಆ ಲೆಕ್ಕದ 54 ಇಂಚಿನ ದಿಮ್ಮಿ ಅಂದ್ರೆ ಸುತ್ತಳತೆ ಸುಮಾರು 126 ಸೆಂಟಿಮೀಟರ್, ಅಡ್ಡಕ್ಕೆ 40. ಅಂಥವು ಸಾಲಾಗಿ ಇಟ್ಟಿರ್ತಾರೆ, ಒಂದು ಮುಗಿಸಿ ಇನ್ನೊಂದಕ್ಕೆ ಹತ್ತಬೇಕು.

ಆಟಗಾರನ ಎದುರಿಗೆ ಒಬ್ಬ ಬಗ್ಗಿ ನಿಂತಿರ್ತಾನೆ, ಗ್ರೂಪಲ್ಲಿ ಆ ವಿಡಿಯೋ ನೋಡಿದವರು ಅವನು ಯಾರು ಅಂತಾನೂ ಕೇಳಿದ್ರು. ಅವನು ಬೊತಿಯೇರೋ, ಮುಂದಿನ ಏಟು ಎಲ್ಲಿಗೆ ಬೀಳಬೇಕು ಅಂತ ತೋರಿಸೋನು, ಉಸಿರು ಕಾಯ್ಕೊಳ್ಳೋಕೆ ಹೇಳೋನು, ನೀರು ಕೊಡೋನು. ಕಡಿಯೋನಿಗೆ ತನ್ನ ಗುಂಡಿಯ ಓರೆ ಸರಿ ಇದೆಯಾ ಅಂತ ಮೇಲಿಂದ ಕಾಣಲ್ಲ, ಇವನಿಗೆ ಎದುರಿಂದ ಕಾಣುತ್ತೆ. ಇತ್ತೀಚಿನ ವರ್ಷಗಳ ದೊಡ್ಡ ಹೆಸರುಗಳು ಬಿಸ್ಕಾಯಾದ ಐತ್ಸೊಲ್ ಅತುಚಾ, ನವಾರ್ರಾದ ಇಕೆರ್ ವಿಸೆಂತೆ, ಹೆಣ್ಣುಮಕ್ಕಳಲ್ಲಿ ನೆರೆಯಾ ಅರ್ರುತಿ. ಇವತ್ತಿನ ಸ್ಪರ್ಧೆಗಳಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾದರಿಯ ರೇಸಿಂಗ್ ಕೊಡ್ಲಿಗಳನ್ನೂ ಬಳಸ್ತಾರೆ, ಆದ್ದರಿಂದ ವಿಡಿಯೋದಲ್ಲಿ ಕಂಡಿದ್ದೆಲ್ಲ ಬಾಸ್ಕ್ ಕೊಡ್ಲಿ ಅಂತ ತಿಳ್ಕೋಬೇಡಿ. ಕಾವಿನ ತುದಿ ತಲೆಗಿಂತ ಮೇಲೆ ದಪ್ಪವಾಗಿ ಚಾಚಿದೆಯಾ ನೋಡಿ, ಗೊತ್ತಾಗುತ್ತೆ.

ಕೈಗೆ ಸಿಕ್ಕಿದ್ರೆ ಏನು ನೋಡಬೇಕು

ಕಾವು ತೂತಲ್ಲಿ ಸುತ್ತಲೂ ಸಮವಾಗಿ ತಾಗ್ತಿದೆಯಾ ನೋಡೋಕೆ ಅಜ್ಜ ಒಂದು ಉಪಾಯ ತೋರಿಸಿದ್ರು. ತೂತಿನ ಒಳಗೆ ಒಲೆಯ ಮಸಿ ಸವರಿ ಕಾವು ಜೋಡಿಸಿ ಕುಕ್ಕಿ ಮತ್ತೆ ಬಿಚ್ಚೋದು. ಮಸಿ ಹತ್ತಿದ ಕಡೆ ಮಾತ್ರ ತಾಗಿದೆ, ಅಲ್ಲಿ ಸ್ವಲ್ಪ ಹೆರೆದು ಮತ್ತೆ ಜೋಡಿಸೋದು, ಸುತ್ತಲೂ ಮಸಿ ಹತ್ತೋ ತನಕ. ಅರ್ಧ ದಿನದ ಕೆಲಸ, ಆತುರ ಮಾಡಿ ಒಂದು ಕಡೆ ಜಾಸ್ತಿ ಹೆರೆದ್ರೆ ಆ ಕಾವು ಹೋಯ್ತು.

ಕೊಡ್ಲಿ ಹಿಂಭಾಗದಿಂದ ಮೊಳೆ, ಗೂಟ, ಬೆಣೆ ಏನನ್ನೂ ಬಡಿಯಬಾರದು. ನಮ್ಮಲ್ಲಿ ಅಭ್ಯಾಸ ಇದೆ, ಆದ್ರೆ ಈ ತಲೆಗೆ ಹಿಂದೆ ಗಟ್ಟಿ ಗಡ್ಡೆ ಇಲ್ಲ, ತೂತಿನ ತೆಳು ಗೋಡೆ ಅಷ್ಟೇ. ಬಡಿದ್ರೆ ತೂತಿನ ಆಕಾರ ಕೆಟ್ಟು ಯಾವ ಕಾವೂ ಸರಿ ಕೂರಲ್ಲ. ಸೌದೆ ಸೀಳೋಕೂ ಇದು ಒಳ್ಳೇದಲ್ಲ, ತೆಳು ಕೆನ್ನೆ ಮರದೊಳಗೆ ಇಳಿದು ನಿಂತ್ಬಿಡುತ್ತೆ, ಸೀಳೋಕೆ ದಪ್ಪ ಕೆನ್ನೆ ಬೇಕು.

ಕಾವು ಕುಗ್ಗಿದೆ ಅಂತ ನೀರಲ್ಲಿ ನೆನೆಸೋರು ಇದಾರೆ, ಆ ಹೊತ್ತಿಗೆ ಉಬ್ಬಿ ಬಿಗಿ ಆಗುತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಅದರ ಬದಲು ಅಗಸೆ ಎಣ್ಣೆ ಸವರಿ ಬಿಸಿಲು, ಒಲೆ ಎರಡರಿಂದಲೂ ದೂರ ಇಡೋದು. ಮತ್ತೆ ಪ್ರತಿ ಸಲ ಕೆಲಸ ಶುರು ಮಾಡೋ ಮುಂಚೆ ತಲೆ ಕೆಳಗೆ ಮಾಡಿ ಮೂರು ಸಲ ಕುಕ್ಕಬೇಕು, ಅಜ್ಜ ಅಲ್ಲಿದ್ದ ಪ್ರತಿ ಕೊಡ್ಲಿಗೂ ಹಂಗೇ ಮಾಡ್ತಿದ್ರು, ಅಭ್ಯಾಸ ಎಷ್ಟು ಆಗಿದೆ ಅಂದ್ರೆ ಮಾತಾಡ್ತಾನೇ ಮಾಡ್ತಾರೆ.

ಕಾವಿನ ತುದಿಯ ಫೋಟೋ ತೆಗೆದು ದೊಡ್ಡಪ್ಪಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು, "ಓ, ಪಿಕಾಸಿ ಕಾವು. ಮರ ಯಾವ್ದು ಹಾಕಿದಾರೆ ಕೇಳು."

ಕೇಳಿದೆ. ಅವರ ಮನೆ ಹಿಂದಿನ ಬೀಚ್ ಮರದ್ದಂತೆ, ಗರಗಸದಲ್ಲಿ ಕೊಯ್ದಿದ್ದಲ್ಲ, ಎಳೆ ಹಿಡಿದು ಸೀಳಿ ತೆಗೆದಿದ್ದು.